ಒಂಟಿಕಿವಿ ಆನೆಯ ಲೈಸೆನ್ಸು

ಹೊಸಕೋಟೆ
12 ಜೂನ್ 2024

ಚಿ. ವಾಣಿಶ್ರೀಗೆ ಅತ್ತೆಯ ಆಶೀರ್ವಾದಗಳು.

ರಿಜಿಸ್ಟರ್ ಪೋಸ್ಟು ನೋಡಿ ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮ ಮಾವ ಗಲ್ಲಾದಲ್ಲಿ ಕೂತು ಬನ್ನು ಕೊಳ್ಳಲು ಬಂದವರ ಜೊತೆಯೆಲ್ಲ ವಾದ ಮಾಡುತ್ತಿದ್ದಾರೆ, ಅಂದರೆ ಚೆನ್ನಾಗಿದ್ದಾರೆ ಎಂದೇ ಅರ್ಥ. ಫೋನ್ ಮಾಡಬಹುದಿತ್ತು. ಆದರೆ ಮೂರು ವರ್ಷದ ಕೆಳಗೆ ಬಾಯಲ್ಲಿ ಆಡಿದ್ದೇ ನಮ್ಮಿಬ್ಬರಿಗೂ ಸಾಕಾಗಿದೆ. ಕಾಗದವಾದರೆ ಬರೆದದ್ದನ್ನು ಇನ್ನೊಂದು ಸಲ ಓದಿ, ಬೇಡದ್ದನ್ನು ಹೊಡೆದುಹಾಕಬಹುದು. ಏಳನೇ ಕ್ಲಾಸಿನವರೆಗೆ ಓದಿದ್ದು ಇಷ್ಟಕ್ಕಾದರೂ ಬರಲಿ.

ವಿಷಯ ಏನೆಂದರೆ, ಆನಂದ ತಂದು ನಿಲ್ಲಿಸಿದ್ದ ಆನೆ ನೆನಪಿದೆಯಲ್ಲ? ಕಾಸು ಹಾಕಿದರೆ ಮೇಲೆ ಕೂತ ಮಗುವನ್ನು ಎರಡು ನಿಮಿಷ ತೂಗುವ ಆನೆ. ಲಾಕ್‌ಡೌನಿನಲ್ಲಿ ಬೆಂಗಳೂರಿನ ಯಾವುದೋ ಮಾಲ್ ಮುಚ್ಚಿದಾಗ ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದನಲ್ಲ. ಅವನು ಹೋದಾಗಿನಿಂದ ಅದು ಗೋಡೌನಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಹೋದ ತಿಂಗಳು ಅವನ ತಿಥಿ ಮುಗಿದ ಮೇಲೆ ಟಾರ್ಪಾಲು ತೆಗೆದೆ. ತೆಗೆದ ಮೇಲೆ ಮತ್ತೆ ಮುಚ್ಚಲು ಮನಸ್ಸು ಬರಲಿಲ್ಲ. ಅಂಗಡಿ ಮುಂದೆ ಇಡೋಣ ಅಂದರೆ ನಿಮ್ಮ ಮಾವ, "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಕಣೆ. ಐದ್ರುಪಾಯಿ ಕಾಯಿನ್ನಲ್ಲಿ ಇದ್ಯಾವಾಗ ಕರೆಂಟ್ ಬಿಲ್ ಕಟ್ಟುತ್ತೆ?" ಅಂದರು. ಅಂದರೇ ಹೊರತು ಬೇಡ ಅನ್ನಲಿಲ್ಲ.

ಸುಮ್ಮನೆ ಇಡುವ ಹಾಗಿಲ್ಲವಂತೆ. ನಾಣ್ಯ ಹಾಕುವ ಆಟದ ಯಂತ್ರವಾದರೆ ಅಂಗಡಿಯ ಲೈಸೆನ್ಸಿನಲ್ಲಿ ಅದನ್ನೂ ಸೇರಿಸಬೇಕು, ಠಾಣೆಯಿಂದ ಆಕ್ಷೇಪಣೆ ಇಲ್ಲವೆಂದು ಕಾಗದ ತರಬೇಕು. ಅರ್ಜಿಗೆ ಲೈಸೆನ್ಸುದಾರರೇ ಸಹಿ ಹಾಕಬೇಕು. ಲೈಸೆನ್ಸುದಾರರು ಎಂದರೆ ನೀನು. ಮದುವೆಯಾದ ವರ್ಷ, ಹೊಸ ಸೊಸೆಯ ಕಾಲ್ಗುಣ ಎಂದು ಆನಂದ 'ಸಪ್ಪಲಮ್ಮ ಕಾಂಡಿಮೆಂಟ್ಸ್' ಅನ್ನು ನಿನ್ನ ಹೆಸರಿನಲ್ಲೇ ಮಾಡಿಸಿದ್ದ. ನಾನು ಪ್ರತಿವರ್ಷ ಬರೀ ಫೀಸು ಕಟ್ಟಿ ನವೀಕರಣ ಮಾಡಿಸುತ್ತೇನೆ, ಹೆಸರು ಬದಲಾಯಿಸುವ ಗೋಜಿಗೆ ಹೋಗಿಲ್ಲ. ಅದಕ್ಕೆಲ್ಲ ಓಡಾಡುವವರು ಯಾರು?

ಇದರ ಜೊತೆಗಿರುವ ಅರ್ಜಿಯಲ್ಲಿ ಇಂಟು ಗುರುತು ಹಾಕಿರುವ ಕಡೆ ಸಹಿ ಮಾಡಿ ಕಳಿಸು. ಉಳಿದದ್ದು ನಾನು ತುಂಬಿಕೊಳ್ಳುತ್ತೇನೆ. ಸಿಂಚುಗೆ ಹಲ್ಲು ಬೀಳಲು ಶುರುವಾಯಿತೇ?

ಇಂತಿ,
ಮುನಿತಾಯಮ್ಮ


ದೊಡ್ಡಬಳ್ಳಾಪುರ
26 ಜೂನ್ 2024

ಅತ್ತೆಯವರಿಗೆ ವಾಣಿಶ್ರೀಯ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಸಹಿ ಹಾಕಿದ ಅರ್ಜಿ ಇದರ ಜೊತೆಗಿದೆ.

ಇನ್ನೊಂದು ಫಾರಂ ಕೂಡ ಇಟ್ಟಿದ್ದೇನೆ. ಅದು ಲೈಸೆನ್ಸನ್ನು ನನ್ನ ಹೆಸರಿನಿಂದ ನಿಮ್ಮ ಹೆಸರಿಗೆ ಬದಲಾಯಿಸುವ ಫಾರಂ. ಸೈಬರ್ ಸೆಂಟರಿನಲ್ಲಿ ತೆಗೆಸಿ ಅದಕ್ಕೂ ಸಹಿ ಹಾಕಿದ್ದೇನೆ. ಇನ್ನು ಮುಂದೆ ನನ್ನ ಸಹಿಗಾಗಿ ನೀವು ಕಾಯುವುದು ಬೇಡ. ಅಂಗಡಿ ನಡೆಸುತ್ತಿರುವವರು ನೀವು. ಅದರ ಮೇಲೆ ನನ್ನ ಹಕ್ಕೇನೂ ಇಲ್ಲ ಎನ್ನುವುದು ನನಗೆ ಅವತ್ತೇ ತಿಳಿದಿದೆ.

ಸಿಂಚನಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಒಂದನೇ ತರಗತಿಗೆ ಸೇರಿಸಿದ್ದೇನೆ. ನನಗೆ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಕೆಲಸ ಆಗಿದೆ. ಮುರಳಿ ಅಣ್ಣನ ಮನೆಯ ಮಹಡಿಯ ಮೇಲೆ ಒಂದು ರೂಮಿನಲ್ಲಿದ್ದೇವೆ.

ಕಾಗದ ಓದುವಾಗ ಅವಳು ಪಕ್ಕದಲ್ಲಿದ್ದಳು. "ಆನೆ ಯಾರ್ದು?" ಅಂದಳು. ನಿಮ್ಮಪ್ಪ ತಂದಿದ್ದು ಅಂದೆ. "ಏನ್ ತಿನ್ನುತ್ತೆ?" ಅಂದಳು. ಕಾಯಿನ್ ತಿನ್ನುತ್ತೆ ಅಂದೆ. ಅವತ್ತಿನಿಂದ ಒಂದು ಐದು ರೂಪಾಯಿ ನಾಣ್ಯವನ್ನು ಪೆನ್ಸಿಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಾಳೆ.

ಮಾವನವರಿಗೆ ನಮಸ್ಕಾರ ತಿಳಿಸಿ.

ಇತಿ,
ವಾಣಿಶ್ರೀ


ಹೊಸಕೋಟೆ
10 ಜುಲೈ 2024

ಚಿ. ವಾಣಿಶ್ರೀಗೆ ಆಶೀರ್ವಾದಗಳು.

ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದು ಎನ್ನುತ್ತಾರೆ. ಕಾಗದ ಓಡಾಡಿದರೆ ದೋಷವಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ಠಾಣೆಯ ಕಥೆ ಕೇಳು. ಹುಟ್ಟಿದಾಗಿನಿಂದ ಆ ಮೆಟ್ಟಿಲು ಹತ್ತಿದವಳಲ್ಲ ನಾನು. ರೈಟರು ಅರ್ಜಿ ನೋಡಿ, "ಏನಮ್ಮಾ, ಕಾಯಿನ್ ಮಿಷಿನ್ನಾ? ಜೂಜಾ?" ಅಂದರು. "ಅಯ್ಯೋ, ಆನೆ ಸ್ವಾಮಿ" ಅಂದೆ. "ಆನೆಗಾದ್ರೆ ಫಾರೆಸ್ಟ್‌ನೋರ ಹತ್ರ ಹೋಗ್ಬೇಕು" ಎಂದು ಪಕ್ಕದ ಮೇಜಿನವರು ನಕ್ಕರು. ಆಮೇಲೆ ರೈಟರು ಕನ್ನಡಕ ಸರಿಮಾಡಿಕೊಂಡು, "ಕಾಸು ಹಾಕ್ದೋರಿಗೆ ಏನಾದ್ರೂ ವಾಪಸ್ ಬರುತ್ತಾ? ಗೆದ್ರೆ ಬಹುಮಾನ ಐತಾ?" ಎಂದು ಕೇಳಿದರು. "ಏನೂ ಬರಲ್ಲ ಸ್ವಾಮಿ. ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ. ಎರಡ್ನಿಮಿಷ ತೂಗುತ್ತೆ, ನಿಂತೋಗುತ್ತೆ" ಅಂದೆ. ಅಷ್ಟು ಹೇಳಿ ಯಾಕೋ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಪಾಪ, ಅವರು ಕುಡಿಯಲು ನೀರು ಕೊಟ್ಟರು, ಕಾಗದವನ್ನೂ ಕೊಟ್ಟರು.

ನಗರಸಭೆಯಲ್ಲಿ ಮಾತ್ರ ಅರ್ಜಿ ವಾಪಸ್ ಬಂದಿದೆ. ತಪ್ಪು ನಿನ್ನದಲ್ಲ. ನೀನು ಸಹಿ ಹಾಕಿ ಕಳಿಸಿದ ಮೇಲೆ ನಾನು ತುಂಬಿದ ಒಂದು ಕಲಮು ದಾಖಲೆಗೆ ಹೊಂದುತ್ತಿಲ್ಲವಂತೆ. ಅಲ್ಲಿನ ಗುಮಾಸ್ತ ಮಂಜೇಶ್ ಒಳ್ಳೆಯವರು. "ಅಮ್ಮಾ, ಇದನ್ನ ಹೊಡ್ದಾಕಿ ಸರಿಯಾಗಿ ಬರ್ದ್ಕೊಡಿ, ಸಾಕು" ಅಂದರು. "ಸರಿಯಾಗೇ ಬರ್ದಿದೀನಿ" ಅಂದೆ. ಹೊಡೆದುಹಾಕಲಿಲ್ಲ. ಏನು ಬರೆದಿದ್ದೆ ಎಂದು ನೀನು ಕೇಳಬೇಡ. ಅದು ನನಗೂ ನಗರಸಭೆಗೂ ಇರುವ ವ್ಯವಹಾರ.

ಇನ್ನೊಂದು ತೊಡಕು. ಯಂತ್ರ ನೋಡಲು ಇಂಜಿನಿಯರು ಬಂದಿದ್ದರು. ಆನೆಗೆ ಒಂದು ಕಿವಿ ಇಲ್ಲ, ಅದು ಇದ್ದ ಜಾಗದಲ್ಲಿ ಫೈಬರು ಚೂಪಾಗಿದೆ, ಮಕ್ಕಳ ಕೈ ಗೀರುತ್ತದೆ ಅಂದರು. ಮೋಟರೂ ಓಡುತ್ತಿಲ್ಲ. ಎರಡೂ ಸರಿಯಾಗದೆ ಅವರು ಒಪ್ಪುವುದಿಲ್ಲ. ಆ ಕಿವಿಯನ್ನು ಆನಂದ ಬಿಚ್ಚಿ ಬಣ್ಣ ಹಚ್ಚುತ್ತಿದ್ದದ್ದು ನನಗೆ ಗೊತ್ತು. ಗೋಡೌನೆಲ್ಲ ಜಾಲಾಡಿದೆ. ನಿನ್ನ ಮದುವೆಯಲ್ಲಿ ಕಳೆದುಹೋಗಿದ್ದ ಈಳಿಗೆಮಣೆ ಸಿಕ್ಕಿತು, ಕಿವಿ ಸಿಗಲಿಲ್ಲ. ನಿನಗೇನಾದರೂ ನೆನಪಿದೆಯೇ?

ನೀನು ಕಳಿಸಿದ ಆ ಇನ್ನೊಂದು ಫಾರಮ್ಮನ್ನು ದೇವರ ಗೂಡಿನ ಸಪ್ಪಲಮ್ಮನ ಫೋಟೊ ಹಿಂದೆ ಇಟ್ಟಿದ್ದೇನೆ. ಅವಳ ಹಿಂದೆ ಇಟ್ಟದ್ದನ್ನು ನಾನು ಸುಮ್ಮಸುಮ್ಮನೆ ತೆಗೆಯುವವಳಲ್ಲ.

ಸಿಂಚುವಿನ ಹೊಸ ಹಲ್ಲು ಬರುವವರೆಗೆ ನಾಲಗೆ ಆಡಿಸಬೇಡ ಎಂದು ಹೇಳು. ಸೊಟ್ಟ ಬರುತ್ತದೆ.

ಇಂತಿ,
ಮುನಿತಾಯಮ್ಮ


ದೊಡ್ಡಬಳ್ಳಾಪುರ
2 ಆಗಸ್ಟ್ 2024

ಅತ್ತೆಗೆ ನಮಸ್ಕಾರ.

ಕಿವಿ ನನ್ನ ಹತ್ತಿರ ಇದೆ.

ಅವತ್ತು ಹೊರಡುವಾಗ ಸೂಟ್‌ಕೇಸಿನಲ್ಲಿ, ಬಟ್ಟೆಯ ಕೆಳಗೆ ಇಟ್ಟುಕೊಂಡು ಬಂದೆ. ಕದ್ದೆ ಎಂದೇ ಹೇಳಬೇಕು. ಅವರು ಅರ್ಧ ಕಿವಿಗೆ ಬಣ್ಣ ಹಚ್ಚಿ, "ಉಳಿದಿದ್ದು ನಾಳೆ" ಅಂದಿದ್ದರು. ಮಾರನೇ ದಿನ ಜ್ವರ ಬಂತು. ಹಸಿ ಬಣ್ಣದಲ್ಲಿ ಹಿಡಿದಿದ್ದ ಅವರ ಹೆಬ್ಬೆರಳಿನ ಗುರುತು ಹಾಗೆಯೇ ಒಣಗಿಕೊಂಡಿದೆ. ಫೋಟೊಗಳು ನಿಮ್ಮ ಹತ್ತಿರ ಬೇಕಾದಷ್ಟಿದ್ದವು. ನನಗೆ ಇದೊಂದಿರಲಿ ಅನಿಸಿತು.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆದುಬಿಡುತ್ತೇನೆ. ಮೂರು ವರ್ಷದ ಕೆಳಗೆ, ಅವರ ತಿಥಿಯ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನನ್ನ ಮಗನೇ ಇಲ್ದ ಮೇಲೆ ನೀನ್ಯಾರೇ ನನಗೆ?" ಅಂದಿರಿ. ಉತ್ತರ ಗೊತ್ತಿದ್ದರೆ ಅಲ್ಲೇ ಹೇಳುತ್ತಿದ್ದೆ. ನನಗೂ ಗೊತ್ತಿರಲಿಲ್ಲ. ಅದಕ್ಕೇ ಮೂರು ವರ್ಷದ ಮಗುವನ್ನು ಎತ್ತಿಕೊಂಡು ಬಂದುಬಿಟ್ಟೆ. ಈಗ ನಿಮ್ಮ ಮೇಲೆ ಕೋಪ ಇಲ್ಲ ಅತ್ತೆ. ನೀವು ಆಗ ಯಾವ ಸ್ಥಿತಿಯಲ್ಲಿದ್ದಿರಿ ಎಂದು ಒಬ್ಬ ಮಗಳ ತಾಯಿಯಾಗಿ ನನಗೆ ತಿಳಿಯುತ್ತದೆ. ಆದರೆ ಹೊಸಕೋಟೆ ಬಸ್ಸು ಹತ್ತಬೇಕು ಎಂದುಕೊಂಡಾಗಲೆಲ್ಲ ಆ ಮಾತು ಬಂದು ಅಡ್ಡ ನಿಲ್ಲುತ್ತದೆ.

ಕಿವಿಯನ್ನು ಪೋಸ್ಟಿನಲ್ಲಿ ಹಾಕಿದರೆ ಒಡೆದುಹೋಗುತ್ತದೆ. ನಮ್ಮ ಫ್ಯಾಕ್ಟರಿಯಲ್ಲಿ ಹೊಲಿಗೆ ಮಿಷಿನ್ ರಿಪೇರಿ ಮಾಡುವ ನಂದೀಶ್ ಎನ್ನುವವರು ಒಂದು ಭಾನುವಾರ ತಂದುಕೊಡುತ್ತಾರೆ. ಮೋಟರನ್ನೂ ನೋಡುತ್ತೇನೆ ಅಂದಿದ್ದಾರೆ. ಉಳಿದರ್ಧಕ್ಕೆ ಬಣ್ಣ ಹಚ್ಚಿಸಿ. ಬೆರಳಿನ ಗುರುತು ಇರುವಷ್ಟು ಜಾಗ ಮಾತ್ರ ಹಾಗೇ ಬಿಡಲು ಹೇಳಿ.

ಇತಿ,
ವಾಣಿಶ್ರೀ


ಹೊಸಕೋಟೆ
20 ಆಗಸ್ಟ್ 2024

ಚಿ. ವಾಣಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅದಕ್ಕೆ ನಾನು ಕೊಡಬೇಕಾದ ಉತ್ತರ ಬಾಕಿ ಇದೆ. ಕೊಡುತ್ತೇನೆ. ಇವತ್ತಿಗೆ ಮೊನ್ನೆ ಭಾನುವಾರದ ಸಮಾಚಾರ ಮಾತ್ರ.

ನಿಮ್ಮ ಮೆಕ್ಯಾನಿಕ್ಕು ಬೆಳಿಗ್ಗೆ ಒಂಬತ್ತಕ್ಕೇ ಬಂದ. ಕಿವಿಯನ್ನು ಮಗುವಿನ ಸ್ವೆಟರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಬಸ್ಸಿಳಿದು ಬಂದಿದ್ದ. ಬಂದವನೇ ಬಗ್ಗಿ ಮೋಟರು ಬಿಚ್ಚಿದ. ಗ್ರೀಸೆಲ್ಲ ಒಣಗಿ ಕಲ್ಲಾಗಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಆನೆ ತೂಗಿತು, ಹಾಡೂ ಬಂತು. ಆದರೆ ದನಿ ಕಟ್ಟಿದೆ. "ಆನೆಗೆ ನೆಗಡಿ ಆಗೈತೆ" ಎಂದು ನಿಮ್ಮ ಮಾವ ನಕ್ಕರು. ಅವರು ನಕ್ಕಿದ್ದನ್ನು ನೋಡಿ ನಾನು ಕೈಯಲ್ಲಿದ್ದ ತಟ್ಟೆ ಹಾಗೇ ಹಿಡಿದುಕೊಂಡು ನಿಂತಿದ್ದೆ.

ಆಮೇಲೆ ಕಿವಿ ಕೂರಿಸಿ ಬಣ್ಣ ಹಚ್ಚಲು ಕೂತ. ಜೇಬಿನಿಂದ ಟೇಪು ತೆಗೆದು ಹೆಬ್ಬೆರಳಿನ ಗುರುತಿನ ಮೇಲೆ ಅಂಟಿಸಿ, ಅದರ ಸುತ್ತ ಉಸಿರು ಬಿಗಿಹಿಡಿದು ಬ್ರಷ್ಷು ಆಡಿಸಿದ. ಒಣಗಿದ ಮೇಲೆ ಟೇಪನ್ನು ಬಿಡಿಸಿದ. ಮಗನ ಬೆರಳು ಹಾಗೇ ಇತ್ತು. ನಾನು ಒಳಗೆ ಹೋಗಿ ಚೆನ್ನಾಗಿ ಅತ್ತು ಬಂದೆ. ದುಃಖಕ್ಕೋ ಸಮಾಧಾನಕ್ಕೋ ಗೊತ್ತಾಗಲಿಲ್ಲ.

ಹೊರಡುವಾಗ ನಿಮ್ಮ ಮಾವ, "ಕೂಲಿ ಎಷ್ಟಪ್ಪಾ?" ಅಂದರು.

"ಬ್ಯಾಡ ಬಿಡಿ ಸಾರ್."

"ಬ್ಯಾಡ ಅಂದ್ರೆ? ಬಳ್ಳಾಪುರದಿಂದ ಇಲ್ಲೀಗಂಟ ಯಾರು ಸುಮ್ಸುಮ್ನೆ ಬರ್ತಾರೆ?"

ಅವನ ಕಿವಿ ಕೆಂಪಾಯಿತು. ನಾನು ಟೀ ಜೊತೆ ಎರಡು ಖಾರ ಬನ್ನು ಕೊಟ್ಟೆ. ಒಂದು ತಿಂದು ಇನ್ನೊಂದನ್ನು ಪೇಪರಿನಲ್ಲಿ ಸುತ್ತಿಕೊಂಡ. "ಸಿಂಚುಗೆ ಇಷ್ಟ. ಈರುಳ್ಳಿ ಮಾತ್ರ ಆರಿಸ್ ಹಾಕ್ತಾಳೆ" ಅಂದ. ಅಂದವನೇ ನಾಲಗೆ ಕಚ್ಚಿಕೊಂಡ. ಈರುಳ್ಳಿ ಆರಿಸಿ ಹಾಕುವುದು ಅವಳಪ್ಪನ ಚಾಳಿ. ಇನ್ನೂ ನಾಲ್ಕು ಬನ್ನು ಕಟ್ಟಿಕೊಟ್ಟೆ.

ವಾಣಿ, 'ನಂದೀಶ್ ಎನ್ನುವವರು' ಎಂದು ಬರೆದಿದ್ದೀಯಲ್ಲ, ಆ ಪಾಪದವನನ್ನು ಯಾಕಮ್ಮ ಅಷ್ಟು ದೂರ ನಿಲ್ಲಿಸಿದ್ದೀಯ? ಹೇಳುವುದಿದ್ದರೆ ಹೇಳು. ಈ ಸಲ ನಾನು ಬಾಯಿಗೆ ಬಂದದ್ದು ಆಡುವುದಿಲ್ಲ.

ಇಂತಿ,
ಮುನಿತಾಯಮ್ಮ


ದೊಡ್ಡಬಳ್ಳಾಪುರ
15 ಸೆಪ್ಟೆಂಬರ್ 2024

ಅತ್ತೆಗೆ ನಮಸ್ಕಾರ.

ನಿಮಗೆ ಗೊತ್ತಾಗಿದೆ ಎಂದು ಅವರು ಅವತ್ತು ಬಸ್‌ಸ್ಟ್ಯಾಂಡಿನಲ್ಲೇ ಹೇಳಿದರು. "ಬನ್ನು ಆರಾಯ್ತು, ಅವ್ರಿಗೆ ಗೊತ್ತಾಯ್ತು" ಅಂದರು. ಆದರೂ ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ನಂದೀಶ್ ನನ್ನನ್ನು ಮದುವೆಗೆ ಕೇಳಿ ಎರಡು ವರ್ಷವಾಯಿತು. ಒಂದು ವರ್ಷ ನನಗೇ ಮನಸ್ಸು ಬರಲಿಲ್ಲ. ಇನ್ನೊಂದು ವರ್ಷ ನಿಮಗೆ ಹೇಗೆ ತಿಳಿಸುವುದು ಎನ್ನುವುದರಲ್ಲೇ ಹೋಯಿತು. ನವೆಂಬರ್ ಹದಿನೇಳಕ್ಕೆ ಘಾಟಿ ದೇವಸ್ಥಾನದಲ್ಲಿ ಎಂದು ಅಣ್ಣ ನಿಶ್ಚಯ ಮಾಡಿದ್ದಾನೆ. ಸಿಂಚು ಅವರನ್ನು ಹೆಸರು ಹಿಡಿದು ಕರೆಯುತ್ತಾಳೆ. ಅಪ್ಪ ಎಂದು ಕರೆ ಎಂದು ಅವರು ಒಂದು ದಿನವೂ ಹೇಳಿಲ್ಲ. ಗೋಡೆಯ ಮೇಲಿನ ಫೋಟೊ ತೋರಿಸಿ, "ಅಪ್ಪ ಅವ್ರು ಕಣಮ್ಮ" ಅನ್ನುತ್ತಾರೆ. ಅದಕ್ಕೇ ನಾನು ಒಪ್ಪಿದ್ದು.

ಈಗ ಲೈಸೆನ್ಸಿನ ಮಾತು. ಅದರಲ್ಲಿ ನನ್ನ ಹೆಸರಿನ ಮುಂದೆ 'ಗಂಡನ ಹೆಸರು: ಆನಂದ್' ಎಂದಿದೆ. ನವೆಂಬರಿನಲ್ಲಿ ಅದು ಬದಲಾಗುತ್ತದೆ. ನನ್ನಿಂದ ಆನೆಗೆ ಇನ್ನೊಂದು ಅಡ್ಡಿ ಆಗುವುದು ಬೇಡ. ಸಪ್ಪಲಮ್ಮನ ಹಿಂದಿರುವ ಫಾರಂ ತೆಗೆದು ಕೊಟ್ಟುಬಿಡಿ. ಆ ಮನೆಗೆ ನಾನು ಹಾಕುವ ಕಡೇ ಸಹಿ ಅದೇ ಆಗಲಿ.

ಸಿಂಚು ಯಾವ ಕಾಲಕ್ಕೂ ನಿಮ್ಮ ಮೊಮ್ಮಗಳು. ರಜೆಗೆ ಕಳಿಸುತ್ತೇನೆ. ನನ್ನ ವಿಷಯ ಬೇರೆ. ಇನ್ನು ಮೇಲೆ ನಾನು ನಿಮಗೆ ಏನು ಎಂದು ಬರೆದುಕೊಳ್ಳಲಿ? ಮದುವೆಗೆ ಬನ್ನಿ ಎನ್ನುವ ಧೈರ್ಯ ನನಗಿಲ್ಲ. ಅಮ್ಮ ಬದುಕಿದ್ದರೆ ಅವಳ ಕೈಯಲ್ಲಿ ಕರೆಸುತ್ತಿದ್ದೆ.

ಇತಿ,
ವಾಣಿ


ಹೊಸಕೋಟೆ
14 ಅಕ್ಟೋಬರ್ 2024

ಚಿ. ಸೌ. ವಾಣಿಶ್ರೀಗೆ ಆಶೀರ್ವಾದಗಳು.

ಮೇಲೆ 'ಸೌ.' ಎಂದು ಬರೆದಿದ್ದೇನೆ. ಮದುವೆಗೆ ಇನ್ನೂ ಒಂದು ತಿಂಗಳಿದೆ, ಈಗಲೇ ಬರೆಯಬಾರದಂತೆ. ನಿಮ್ಮ ಮಾವ ಹೇಳಿದರು. ಜೂನಿನಿಂದ ಆ ಒಂದಕ್ಷರ ಬಿಟ್ಟು ಬರೆಯುವಾಗ ನನ್ನ ಕೈ ಎಷ್ಟು ನೊಂದಿತ್ತು ಎಂದು ಅವರಿಗೇನು ಗೊತ್ತು.

ತಿಂಗಳಾದರೂ ಉತ್ತರ ಇಲ್ಲವೆಂದು ನೀನು ಏನೇನು ಅಂದುಕೊಂಡೆಯೋ. ಕೋಪವಲ್ಲ ಮಗಳೇ. ಲೈಸೆನ್ಸು ಕೈಗೆ ಬಂದ ಮೇಲೇ ಬರೆಯಬೇಕೆಂದು ಹಟ ಹಿಡಿದಿದ್ದೆ. ಹೋದ ಬುಧವಾರ ಬಂತು. ಶುಕ್ರವಾರ ಆಯುಧಪೂಜೆಗೆ ಆನೆಗೂ ಕುಂಕುಮ ಇಟ್ಟು ಬೂದುಗುಂಬಳಕಾಯಿ ಒಡೆದೆವು. ಲೈಸೆನ್ಸು ನಿನ್ನ ಹೆಸರಿನಲ್ಲೇ ಇದೆ. ನೀನು ಕಳಿಸಿದ ಫಾರಂ ಈಗಲೂ ಸಪ್ಪಲಮ್ಮನ ಹಿಂದೆಯೇ ಇದೆ. ಅವಳೂ ಕೊಡು ಅನ್ನಲಿಲ್ಲ.

ಈಗ ಆ ಕಲಮಿನ ವಿಷಯ ಹೇಳುತ್ತೇನೆ. ಅಂಗಡಿ ನಡೆಸುವವರು ತುಂಬುವ ಜಾಗದಲ್ಲಿ, 'ಲೈಸೆನ್ಸುದಾರರು ನಿಮಗೆ ಏನಾಗಬೇಕು?' ಎಂದು ಅಚ್ಚು ಹಾಕಿದ್ದರು. ಅವತ್ತು ಅಡುಗೆಮನೆಯ ಬಾಗಿಲಲ್ಲಿ ನಾನು ನಿನ್ನನ್ನು ಕೇಳಿದ್ದ ಪ್ರಶ್ನೆ ಅದೇ ಅಲ್ಲವೇ? ಈಗ ನನಗೇ ತಿರುಗಿ ಬಂದಿತ್ತು. ಹೊಟ್ಟೆಯ ಸಂಕಟಕ್ಕೆ ಅಂದೆ, ನಿಜ. ಆದರೆ ಗಂಡನನ್ನು ಕಳೆದುಕೊಂಡವಳಿಗೆ ಅಂಥ ಮಾತು ಆಡಬಾರದಿತ್ತು. ತಪ್ಪು ನನ್ನದು ವಾಣಿ. ಕ್ಷಮಿಸಿಬಿಡು. ಜುಲೈನಲ್ಲಿ, ನಂದೀಶನ ಹೆಸರೂ ಗೊತ್ತಿಲ್ಲದಾಗ, ಆ ಕಲಮಿನಲ್ಲಿ ನಾನು 'ಮಗಳು' ಎಂದು ಬರೆದೆ.

ಮಂಜೇಶ್ ಹೇಳಿದ್ದು ನ್ಯಾಯವೇ. ದಾಖಲೆಯಲ್ಲಿ ಮಗನ ಹೆಂಡತಿ ಎಂದಿದೆ, ಮಗಳು ಹೇಗಾದಳು? ನಿನ್ನ ಕಾಗದ ಬಂದ ಮೇಲೆ ಮತ್ತೆ ಹೋದೆ.

"ಅಮ್ಮಾ, 'ಸೊಸೆ' ಅಂತ ಎರಡಕ್ಷರ ಬರ್ದ್ಬಿಡಿ, ನಾಳೆನೇ ಮೇಲಕ್ಕೆ ಕಳಿಸ್ತೀನಿ" ಅಂದರು.

"ಸೊಸೆ ಅಂತ ಬರ್ದ್ರೆ ನವೆಂಬರ್ರಿಗೆ ಅದು ಸುಳ್ಳಾಗೋಗುತ್ತೆ ಕಣಪ್ಪ. ಮಗಳು ಅಂದ್ರೆ ಯಾರನ್ನ ಮದ್ವೆ ಆದ್ರೂ ಮಗಳೇ ಅಲ್ವಾ?" ಅಂದೆ.

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ, ಹಾಗಾದರೆ ಇರುವ ವಿಷಯವನ್ನೆಲ್ಲ ಅಫಿಡವಿಟ್ಟಿನಲ್ಲಿ ಬರೆಸಿಕೊಂಡು ಬನ್ನಿ, ಸಾಹೇಬರನ್ನು ಕೇಳುತ್ತೇನೆ ಅಂದರು. ನೋಟರಿ ಲಾಯರು ಮೊದಲು, 'ದಿವಂಗತ ಮಗನ ಹೆಂಡತಿ, ಮಗಳ ಸಮಾನ' ಎಂದು ಟೈಪು ಮಾಡಿಸಿದರು. "ಸಮಾನ ತೆಗೀರಿ ಸ್ವಾಮಿ" ಅಂದೆ. ಅವರು ಸಾಕ್ಷಿಯ ಕಡೆ ನೋಡಿದರು. ಸಾಕ್ಷಿ ನಿಮ್ಮ ಮಾವ. ಮೂರು ವರ್ಷದಿಂದ ನಿನ್ನ ಹೆಸರೆತ್ತದ ಮನುಷ್ಯ, "ತೆಗೀರಿ ಲಾಯರ್ರೇ. ಮಗಳಲ್ದಿದ್ರೆ ಇವ್ಳು ಇಷ್ಟು ವರ್ಷ ಕೊರಗ್ತಿದ್ಲಾ? ಇವ್ಳೊಬ್ಳೇ ಅಲ್ಲ" ಎಂದು ಅಷ್ಟಕ್ಕೇ ನಿಲ್ಲಿಸಿ ಗೋಡೆಯ ಕ್ಯಾಲೆಂಡರು ನೋಡತೊಡಗಿದರು. ಲಾಯರು 'ಸಮಾನ' ತೆಗೆದರು.

ಆನೆ ಅಂಗಡಿ ಮುಂದೆ ನಿಂತಿದೆ. ದಾರಿಯಲ್ಲಿ ಹೋಗುವ ಮಕ್ಕಳೆಲ್ಲ ಸೊಂಡಿಲು ಮುಟ್ಟಿ ಹೋಗುತ್ತವೆ. ಇನ್ನೂ ಒಂದು ಕಾಸೂ ಹಾಕಿಸಿಕೊಂಡಿಲ್ಲ. ಬೋಣಿ ಸಿಂಚುವಿನ ಪೆನ್ಸಿಲ್ ಬಾಕ್ಸಿನಲ್ಲಿರುವ ನಾಣ್ಯದಿಂದಲೇ ಆಗಬೇಕು. ನವೆಂಬರ್ ಹತ್ತು, ಭಾನುವಾರ, ಮೂವರೂ ಬನ್ನಿ. ನೀನು ಒಂದು ವಾರ ಇಲ್ಲೇ ಇರು. ಘಾಟಿಗೆ ಇಲ್ಲಿಂದಲೇ ಹೊರಡೋಣ. ಧಾರೆ ಮುರಳಿ ಎರೆಯಲಿ, ಅದು ಅಣ್ಣನ ಹಕ್ಕು. ಮಡಿಲಕ್ಕಿ ನನ್ನದು. ಅಮ್ಮ ಇದ್ದಿದ್ದರೆ ಎಂದು ಬರೆದಿದ್ದೀಯ. ಹೆತ್ತವಳ ಜಾಗಕ್ಕೆ ನಾನು ಬರಲಾರೆ, ಆದರೆ ಮಡಿಲು ತುಂಬದೆ ಹೊಸಿಲು ದಾಟಿಸುವುದಿಲ್ಲ. ಹೋದ ಸಲ ಬರಿಗೈಲಿ ಕಳಿಸಿದ್ದೇ ನನಗೆ ಈ ಜನ್ಮಕ್ಕಾಯಿತು.

ಲೈಸೆನ್ಸಿಗೆ ಏಪ್ರಿಲಿನಲ್ಲಿ ಮತ್ತೆ ನವೀಕರಣ ಇದೆ. ಆಗ ಗಂಡನ ಹೆಸರಿನ ಜಾಗದಲ್ಲಿ ನಂದೀಶ್ ಎಂದು ಬರೆಯೋಣ, ನೀನೇ ಬಂದು ಸಹಿ ಹಾಕು. ನಾನು ತುಂಬುವ ಕಲಮು ಹಾಗೇ ಇರುತ್ತದೆ.

ಇಂತಿ ನಿನ್ನ,
ಮುನಿತಾಯಮ್ಮ

ಮರೆತಿದ್ದೆ: ಹದಿನೇಳಕ್ಕೆ ಬಟ್ಟೆ ಜೋಡಿಸುವಾಗ ಸೆರಗು ಗಟ್ಟಿ ಇರುವ ಒಂದು ಸೀರೆ ಇಟ್ಟುಕೊಂಡು ಬಾ. ಐದು ಸೇರು ಅಕ್ಕಿ ಅಳೆದಿಟ್ಟಿದ್ದೇನೆ.